ಫ್ರೆಂಚ್ ಪದಗಳನ್ನು ಬಿಡಿಸಿ ಓದುವುದು ಹೇಗೆ: ಕನ್ನಡಿಗರಿಗೊಂದು ಸಮಗ್ರ ಮಾರ್ಗದರ್ಶಿ

ಫ್ರೆಂಚಿನಲ್ಲಿ ಬಿ-ಓ-ಎನ್ ಎಂದು ಬರೆದರೆ ಅದು ‘ಬೊ˜’. ಸ್ವರ ಮೂಗಿನಿಂದ ಹೊರಟು ಅಲ್ಲೇ ನಿಲ್ಲುತ್ತದೆ, ಎನ್ ಕೇಳಿಸುವುದೇ ಇಲ್ಲ. ಅದರ ಸ್ತ್ರೀಲಿಂಗ ರೂಪ ಬಿ-ಓ-ಎನ್-ಎನ್-ಇ. ಇದು ‘ಬೊನ್’. ಮೂಗಿನ ಸ್ವರ ಹೋಯಿತು, ಎನ್ ಸ್ಪಷ್ಟವಾಗಿ ಕೇಳಿಸಿತು. ಎರಡೂ ಬಿ-ಓ-ಎನ್ ಎಂದೇ ಶುರುವಾಗುತ್ತವೆ, ಎನ್ ಕೂತ ಜಾಗ ಮಾತ್ರ ಬೇರೆ. ಒಂದರಲ್ಲಿ ಎನ್ ತನ್ನ ಸ್ವರದ ಜೊತೆಗೇ ಇದೆ, ಇನ್ನೊಂದರಲ್ಲಿ ಅದು ಮುಂದಿನ ಸ್ವರದ ಕಡೆಗೆ ಸರಿದಿದೆ.

ಫ್ರೆಂಚ್ ಉಚ್ಚಾರಣೆಯ ಅರ್ಧಕ್ಕಿಂತ ಹೆಚ್ಚು ಗೊಂದಲ ಇಲ್ಲೇ ಇದೆ. ಒಂದು ಅಕ್ಷರದ ಧ್ವನಿ ಯಾವುದೆಂದು ಹೇಳಬೇಕಾದರೆ ಅದು ಯಾವ ಉಚ್ಚಾರಾಂಶದಲ್ಲಿ ಕೂತಿದೆ ಎಂದು ಮೊದಲು ಗೊತ್ತಿರಬೇಕು. ಆದ್ದರಿಂದ ಕ್ರಮ ಇಷ್ಟೇ: ಮೊದಲು ಬಿಡಿಸಿ, ಆಮೇಲೆ ಬಾಯಿ ತೆರೆಯಿರಿ. ಶಾಲೆಯಲ್ಲಿ ದ್ವಿತೀಯ ಭಾಷೆಯಾಗಿ ಫ್ರೆಂಚ್ ತೆಗೆದುಕೊಂಡ ಮಕ್ಕಳಿಗೂ, ಕೆಲಸಕ್ಕಾಗಿ ಕಲಿಯುತ್ತಿರುವ ದೊಡ್ಡವರಿಗೂ ಇದು ಸಮಾನವಾಗಿ ಅನ್ವಯಿಸುತ್ತದೆ. ಉಚ್ಚಾರಾಂಶ ಎಂಬುದು ಉದ್ದನೆಯ ಮಾತು. ಇಲ್ಲಿ ಅದನ್ನು ‘ತುಂಡು’ ಎಂದೇ ಕರೆಯೋಣ.

ಓದುವ ಮೊದಲು: ಇಲ್ಲಿ ಬಳಸಿರುವ ಗುರುತುಗಳು

ಫ್ರೆಂಚ್ ಕಾಗುಣಿತವನ್ನು ಇಂಗ್ಲಿಷ್ ಅಕ್ಷರಗಳ ಹೆಸರಿನಿಂದ ಬಿಡಿಬಿಡಿಯಾಗಿ ಕೊಟ್ಟಿದ್ದೇವೆ. ಎ, ಇ, ಐ, ಓ, ಯು ಎಂದರೆ ಆ ಐದು ಸ್ವರಾಕ್ಷರಗಳು. ಓರೆಗೆರೆ ತುಂಡಿನ ಗಡಿ. ಬಲಕ್ಕೆ ಏರುವ ಗೀಟಿರುವ ಇ ಅಕ್ಷರವನ್ನು ಇ′ ಎಂದೂ, ಇಳಿಯುವ ಗೀಟಿನದನ್ನು ಇ‵ ಎಂದೂ, ಟೋಪಿ ಇರುವುದನ್ನು ಇ^ ಎಂದೂ ಬರೆದಿದೆ. ಎರಡು ಚುಕ್ಕೆ ಇದ್ದರೆ ¨.

ಉಚ್ಚಾರಣೆ ಉದ್ಧರಣ ಚಿಹ್ನೆಯ ಒಳಗಿದೆ. ಅದರಲ್ಲಿ ˜ ಬಂದರೆ ಹಿಂದಿನ ಸ್ವರವನ್ನು ಮೂಗಿನಿಂದ ಹೊರಡಿಸಬೇಕು. ° ಬಂದರೆ ನಾಲಿಗೆಯನ್ನು ಇದ್ದಲ್ಲೇ ಇಟ್ಟು ತುಟಿಯನ್ನು ಮಾತ್ರ ಗುಂಡಗೆ ಮಾಡಬೇಕು. ಉದಾಹರಣೆಗೆ ‘ಇ°’: ಇ ಎನ್ನುತ್ತಲೇ ಇರಿ, ನಾಲಿಗೆ ಕದಲಿಸದೆ ತುಟಿಯನ್ನು ಸೀಟಿ ಊದುವಂತೆ ಚೂಪು ಮಾಡಿ. ಹೊರಡುವ ಧ್ವನಿಯೇ ಫ್ರೆಂಚಿನ ಯು. ಅದೇ ರೀತಿ ಎ ಎನ್ನುತ್ತಾ ತುಟಿ ಗುಂಡಗೆ ಮಾಡಿದರೆ ‘ಎ°’. ‘ಜ಼’ ಇಂಗ್ಲಿಷಿನ ಝಡ್. ‘ಝ’ ಎಂದರೆ ಶ ಹೇಳುವ ಜಾಗದಲ್ಲೇ ಗಂಟಲು ಕಂಪಿಸುವ ಧ್ವನಿ. ‘ರ’ ಬಂದಲ್ಲೆಲ್ಲ ನಾಲಿಗೆಯ ತುದಿ ಕೆಳಹಲ್ಲಿನ ಹಿಂದೆ ಸುಮ್ಮನಿರಬೇಕು, ಗಂಟಲ ಕಡೆ ಗಾಳಿ ಉಜ್ಜಬೇಕು. ಏ, ಓ ಎಂದು ದೀರ್ಘವಾಗಿ ಬರೆದಿರುವುದು ಬಾಯಿ ಕಿರಿದು ಎಂದು ತೋರಿಸಲಿಕ್ಕೆ. ಎಳೆಯಬೇಡಿ.

ಹಂತ 1: ಸ್ವರಗಳನ್ನು ಎಣಿಸಿ

ಒಂದು ತುಂಡಿನಲ್ಲಿ ಒಂದೇ ಸ್ವರಧ್ವನಿ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಎಣಿಸಬೇಕಾದ್ದು ಸ್ವರಧ್ವನಿಯನ್ನು, ಸ್ವರಾಕ್ಷರವನ್ನಲ್ಲ. ಹಕ್ಕಿಗೆ ಫ್ರೆಂಚಿನಲ್ಲಿ ಓ-ಐ-ಎಸ್-ಇ-ಎ-ಯು. ಐದು ಸ್ವರಾಕ್ಷರಗಳೂ ಅದರಲ್ಲಿವೆ, ಆದರೆ ಧ್ವನಿ ಎರಡೇ: ‘ವಾ-ಜ಼ೋ’.

ಕೆಳಗಿನ ಗುಂಪುಗಳನ್ನು ಕಂಡ ಕೂಡಲೇ ಪೆನ್ಸಿಲಿನಲ್ಲಿ ಸುತ್ತು ಹಾಕಿ, ಒಂದೇ ಸ್ವರವೆಂದು ಲೆಕ್ಕ ಹಿಡಿಯಿರಿ. ಎ-ಐ ಮತ್ತು ಇ-ಐ ‘ಎ’ ಆಗುತ್ತವೆ. ಎ-ಯು ಮತ್ತು ಇ-ಎ-ಯು ‘ಓ’. ಓ-ಯು ‘ಉ’. ಇ-ಯು ‘ಏ°’ ಅಥವಾ ‘ಎ°’. ಓ-ಐ ‘ವಾ’. ‘ಬಹಳ’ ಎಂಬರ್ಥದ ಬಿ-ಇ-ಎ-ಯು / ಸಿ-ಓ-ಯು-ಪಿ ಎಂಟು ಅಕ್ಷರದ್ದು, ತುಂಡು ಎರಡು: ‘ಬೋ-ಕು’.

ಸ್ವರದಂತೆ ಕಂಡರೂ ಎಣಿಸಬಾರದವು ಮೂರಿವೆ. ಕ್ಯೂ ಪಕ್ಕದ ಯು ಸಾಮಾನ್ಯವಾಗಿ ಮೂಕ. ಇ ಅಥವಾ ಐ ಮುಂದೆ ಬರುವ ಜಿ-ಯು ಜೋಡಿಯ ಯು ಕೂಡ ಹಾಗೆಯೇ: ಗಿಟಾರ್ ಇಲ್ಲಿ ‘ಗಿ-ತಾರ್’. ಜಿ ಆದಮೇಲೆ ಎ, ಓ ಮುಂದೆ ಬರುವ ಇ ಬರೀ ಜಿ ಅಕ್ಷರವನ್ನು ‘ಝ’ ಮಾಡಲು ಬಂದದ್ದು: ‘ನಾವು ತಿನ್ನುತ್ತೇವೆ’ ಎನ್ನುವ ಎಂ-ಎ-ಎನ್ / ಜಿ-ಇ-ಓ-ಎನ್-ಎಸ್ ‘ಮಾ˜-ಝೊ˜’, ಎರಡೇ ತುಂಡು.

ಎರಡು ಚುಕ್ಕೆ ಇದ್ದರೆ ಗುಂಪು ಒಡೆಯುತ್ತದೆ. ಕ್ರಿಸ್‌ಮಸ್‌ಗೆ ಎನ್-ಓ / ಇ¨-ಎಲ್, ‘ನೊ-ಎಲ್’. ಗೀಟಿನ ಇ′ ಕೂಡ ಪಕ್ಕದ ಸ್ವರದ ಜೊತೆ ಬೆರೆಯುವುದಿಲ್ಲ. ರಂಗಮಂದಿರ ಎಂಬ ಪದ ಟಿ-ಎಚ್-ಇ′ / ಎ^-ಟಿ-ಆರ್-ಇ, ‘ತೇ-ಆತ್ರ್’.

ಹಂತ 2: ವ್ಯಂಜನಗಳನ್ನು ಹಂಚಿ

ಸ್ವರಗಳ ನಡುವೆ ಒಂದೇ ವ್ಯಂಜನವಿದ್ದರೆ ಅದು ಮುಂದಿನ ಸ್ವರಕ್ಕೆ ಸೇರುತ್ತದೆ. ಮನೆ: ಎಂ-ಎ-ಐ / ಎಸ್-ಓ-ಎನ್, ‘ಮೆ-ಜ಼ೊ˜’. ಚಾಕೊಲೇಟ್: ‘ಶೊ-ಕೊ-ಲಾ’. ಕನ್ನಡದ ಕಿವಿಗೆ ಇದು ತೀರ ಸಹಜ, ನಮ್ಮ ಅಕ್ಷರಗಳೂ ಸ್ವರದಲ್ಲೇ ಮುಗಿಯುತ್ತವೆ. ಇಂಗ್ಲಿಷ್ ಅಭ್ಯಾಸದವರು ಮಾತ್ರ ಇಲ್ಲಿ ‘ಮೆಜ಼್-ಒ˜’ ಎಂದು ವ್ಯಂಜನವನ್ನು ಹಿಂದಕ್ಕೆ ಎಳೆದುಬಿಡುತ್ತಾರೆ.

ಎರಡು ವ್ಯಂಜನವಿದ್ದರೆ ನಡುವೆ ಕತ್ತರಿ. ಪಿ-ಎ-ಆರ್ / ಎಲ್-ಇ-ಆರ್ ‘ಪಾರ್-ಲೇ’, ಎಂ-ಇ-ಆರ್ / ಸಿ-ಐ ‘ಮೆರ್-ಸಿ’. ಇಲ್ಲಿ ಕನ್ನಡ ಲಿಪಿ ದಾರಿ ತಪ್ಪಿಸುತ್ತದೆ. ‘ಪಾರ್ಲೆ’ ಎಂದು ಬರೆದಾಗ ಕಣ್ಣಿಗೆ ಪಾ ಒಂದು, ರ್ಲೆ ಇನ್ನೊಂದು. ಛಂದಸ್ಸಿನಲ್ಲಿ ಒತ್ತಕ್ಷರದ ಹಿಂದಿನ ಅಕ್ಷರ ಗುರು ಏಕಾಗುತ್ತದೆ ಎಂಬುದನ್ನು ನೆನಪಿಸಿಕೊಳ್ಳಿ. ಒತ್ತಿನ ಮೊದಲ ವ್ಯಂಜನದ ಭಾರ ಹಿಂದಿನದರ ಮೇಲೆ ಬೀಳುತ್ತದಲ್ಲ, ಆ ಲೆಕ್ಕದಲ್ಲೇ ಕತ್ತರಿಸಬೇಕು, ಲಿಪಿಯ ಲೆಕ್ಕದಲ್ಲಲ್ಲ.

ಈ ನಿಯಮಕ್ಕೆ ಒಂದು ದೊಡ್ಡ ಅಪವಾದವಿದೆ. ಪಿ, ಬಿ, ಸಿ, ಜಿ, ಎಫ್ ಇವುಗಳ ಬೆನ್ನಿಗೆ ಎಲ್ ಬಂದರೆ ಜೋಡಿ ಬಿಡುವುದಿಲ್ಲ. ಇವೇ ಐದು ಮತ್ತು ಟಿ, ಡಿ, ವಿ ಇವುಗಳ ಬೆನ್ನಿಗೆ ಆರ್ ಬಂದರೂ ಹಾಗೆಯೇ. ಟಿ-ಎ / ಬಿ-ಎಲ್-ಇ-ಎ-ಯು ‘ತಾ-ಬ್ಲೋ’. ಎ / ಪಿ-ಆರ್-ಇ‵-ಎಸ್ ‘ಆ-ಪ್ರೆ’. ಟಿ-ಎಲ್ ಮಾತ್ರ ಈ ಪಟ್ಟಿಯಲ್ಲಿಲ್ಲ ಎಂಬುದನ್ನು ಗಮನಿಸಿ. ಬೆಂಗಳೂರಿನಲ್ಲೂ ಮಳಿಗೆಗಳಿರುವ ಡೆಕಥ್ಲಾನ್ ಹುಟ್ಟಿದ್ದು ಫ್ರಾನ್ಸಿನಲ್ಲಿ. ಅಲ್ಲಿನವರ ಬಾಯಲ್ಲಿ ಅದು ‘ದೇ-ಕಾತ್-ಲೊ˜’, ತ್ ಒಂದು ಕಡೆ, ಲ ಇನ್ನೊಂದು ಕಡೆ.

ಸಿ-ಎಚ್, ಪಿ-ಎಚ್, ಟಿ-ಎಚ್, ಜಿ-ಎನ್ ಇವು ಕಾಗದದ ಮೇಲೆ ಎರಡಾದರೂ ಧ್ವನಿ ಒಂದೇ: ಶ, ಫ಼, ತ, ಞ. ನಡುವೆ ಕತ್ತರಿ ಹಾಕಬೇಡಿ. ಬೆಟ್ಟ ಎಂಬ ಪದ ಎಂ-ಓ-ಎನ್ / ಟಿ-ಎ / ಜಿ-ಎನ್-ಇ, ಹೇಳುವುದು ‘ಮೊ˜-ತಾಞ್’. ಕನ್ನಡ ವರ್ಣಮಾಲೆಯಲ್ಲಿ ಕಲಿತು ಮರೆತ ಞ ಇಲ್ಲಿ ದಿನಬಳಕೆಗೆ ಬರುತ್ತದೆ.

ಮೂರು ವ್ಯಂಜನ ಸೇರಿದರೆ ಮೊದಲು ಮೇಲಿನ ಬಿಡದ ಜೋಡಿ ಇದೆಯೇ ನೋಡಿ. ಇದ್ದರೆ ಅದರ ಮುಂದೆ ಕತ್ತರಿಸಿ: ಎ-ಆರ್ / ಬಿ-ಆರ್-ಇ. ಇಲ್ಲದಿದ್ದರೆ ಮೊದಲ ಎರಡು ಹಿಂದಕ್ಕೆ, ಮೂರನೆಯದು ಮುಂದಕ್ಕೆ: ಓ-ಬಿ-ಎಸ್ / ಸಿ-ಯು-ಆರ್, ‘ಒಪ್ಸ್-ಕಿ°ರ್’. ಎಕ್ಸ್ ಅಕ್ಷರದ್ದು ಬೇರೆಯೇ ಕಥೆ, ಅದರ ಧ್ವನಿಯೇ ಎರಡು. ಟ್ಯಾಕ್ಸಿ ‘ತಾಕ್-ಸಿ’, ಪರೀಕ್ಷೆ ‘ಎಗ್-ಜ಼ಾ-ಮೆ˜’. ಗಡಿ ಅಕ್ಷರದ ಹೊಟ್ಟೆಯೊಳಗೇ ಬೀಳುವುದರಿಂದ ಅಲ್ಲಿ ಕಾಗದದ ಮೇಲೆ ಪದ ಒಡೆಯುವುದಿಲ್ಲ.

ಜೋಡಿ ವ್ಯಂಜನ ಬಂದರೆ ಬರಹದಲ್ಲಿ ನಡುವೆ ಕತ್ತರಿಸಬೇಕು, ಬಾಯಲ್ಲಿ ಒಂದನ್ನೇ ಹೇಳಬೇಕು. ಎ-ಎಲ್ / ಎಲ್-ಇ-ಆರ್ ಎಂದು ಬಿಡಿಸಿದರೂ ಉಚ್ಚಾರ ‘ಆ-ಲೇ’. ಹಳಿ, ಹಳ್ಳಿ ಬೇರೆಬೇರೆ ಎಂದು ತಿಳಿದ ನಾಲಿಗೆಗೆ ಇದು ಕಷ್ಟ. ‘ಆಲ್ಲೇ’ ಎಂದು ಒತ್ತಿದರೆ ಅರ್ಥವೇನೂ ಕೆಡದು, ಆದರೆ ಫ್ರೆಂಚರ ಕಿವಿಗೆ ಎಡವಿದಂತೆ ಕೇಳುತ್ತದೆ. ಎಸ್ ವಿಷಯದಲ್ಲಿ ಮಾತ್ರ ಜೋಡಿಗೆ ನಿಜವಾದ ಕೆಲಸವಿದೆ. ಸ್ವರಗಳ ನಡುವಿನ ಒಂಟಿ ಎಸ್ ‘ಜ಼’, ಜೋಡಿ ಎಸ್ ‘ಸ’. ‘ಪ್ವಾ-ಜ಼ೊ˜’ ವಿಷ, ‘ಪ್ವಾ-ಸೊ˜’ ಮೀನು. ಹೋಟೆಲಿನಲ್ಲಿ ಆರ್ಡರ್ ಕೊಡುವಾಗ ಈ ವ್ಯತ್ಯಾಸ ಬಾಯಲ್ಲಿರಬೇಕು.

ಹಂತ 3: ಗೀಟಿಲ್ಲದ ಇ

ಕಾಗದದ ಮೇಲೆ ಬಿಡಿಸಿದ್ದರ ಫಲ ಸಿಗುವುದು ಇಲ್ಲಿ. ಸ್ವರದಲ್ಲೇ ಮುಗಿಯುವ ತುಂಡು ತೆರೆದದ್ದು, ವ್ಯಂಜನದಲ್ಲಿ ಮುಗಿಯುವುದು ಮುಚ್ಚಿದ್ದು. ಗೀಟಿಲ್ಲದ ಇ ತೆರೆದ ತುಂಡಿನ ಕೊನೆಯಲ್ಲಿದ್ದರೆ ‘ಎ°’, ಬಹಳ ಸಲ ಬಿದ್ದೇ ಹೋಗುತ್ತದೆ. ಮುಚ್ಚಿದ ತುಂಡಿನಲ್ಲಿದ್ದರೆ ‘ಎ’. ಎಂ-ಇ / ಎನ್-ಇ-ಆರ್ ‘ಮೆ°-ನೇ’, ಎಂ-ಇ-ಆರ್ / ಸಿ-ಐ ‘ಮೆರ್-ಸಿ’.

ಫ್ರೆಂಚ್ ಕಲಿಯುವ ಪ್ರತಿಯೊಬ್ಬರೂ ಮೊದಲ ದಿನವೇ ಹೇಳುವ ‘ನನ್ನ ಹೆಸರು’ ವಾಕ್ಯದ ಕ್ರಿಯಾಪದವನ್ನು ಹತ್ತಿರದಿಂದ ನೋಡಿ. ಮೂಲರೂಪ ಎ-ಪಿ / ಪಿ-ಇ / ಎಲ್-ಇ-ಆರ್. ನಡುವಿನ ತುಂಡು ತೆರೆದದ್ದು, ಹಾಗಾಗಿ ‘ಆ-ಪೆ°-ಲೇ’, ಬೇಗ ಹೇಳಿದರೆ ‘ಆಪ್-ಲೇ’. ‘ನಾನು’ ಜೊತೆಗೆ ಬಂದಾಗ ಕಾಗುಣಿತದಲ್ಲಿ ಎಲ್ ಎರಡಾಗುತ್ತದೆ: ಎ-ಪಿ / ಪಿ-ಇ-ಎಲ್ / ಎಲ್-ಇ. ಒಂದು ಎಲ್ ಹಿಂದಕ್ಕೆ ಸೇರಿ ತುಂಡನ್ನು ಮುಚ್ಚಿತು, ಇ ಈಗ ‘ಎ’ ಆಯಿತು: ‘ಝೆ°-ಮಾ-ಪೆಲ್’. ಪಾಠ ಮಾಡುವವರು ‘ಇಲ್ಲಿ ಎಲ್ ಎರಡು, ಬಾಯಿಪಾಠ ಮಾಡಿ’ ಎಂದುಬಿಡುವುದುಂಟು. ಕಾರಣ ಹೇಳಿದರೆ ಬಾಯಿಪಾಠವೇ ಬೇಕಿಲ್ಲ. ಕೊಳ್ಳುವುದು ಎಂಬ ಕ್ರಿಯಾಪದ ಇದೇ ತೊಂದರೆಯನ್ನು ಬೇರೆ ಬಗೆಯಲ್ಲಿ ಪರಿಹರಿಸಿಕೊಂಡಿದೆ. ಮೂಲ ‘ಆಶ್-ತೇ’, ‘ನಾನು ಕೊಳ್ಳುತ್ತೇನೆ’ ಎಂದಾಗ ‘ಝಾ-ಶೆತ್’. ಅಲ್ಲಿ ವ್ಯಂಜನ ಎರಡಾಗುವ ಬದಲು ಇ ಮೇಲೆ ಇಳಿಗೀಟು ಬಂದಿತು.

ಜೋಡಿ ವ್ಯಂಜನಕ್ಕೆ ಮೊದಲು ಬರುವ ಇ ಮೇಲೆ ಗೀಟು ಯಾಕೆ ಕಾಣುವುದಿಲ್ಲ ಎಂಬುದಕ್ಕೂ ಇದೇ ಉತ್ತರ. ತುಂಡು ಆಗಲೇ ಮುಚ್ಚಿದೆ, ಗೀಟಿಗೆ ಕೆಲಸವಿಲ್ಲ. ಕಾಗುಣಿತ ಬರೆಯುವಾಗ ಎಲ್ಲಿ ಗೀಟು ಹಾಕಬೇಕು ಎಂಬ ಅರ್ಧ ಸಂದೇಹ ಇಷ್ಟರಿಂದಲೇ ತೀರುತ್ತದೆ.

‘ಘಟನೆ’ ಎಂಬ ಪದವನ್ನೂ ನೋಡಿ: ಇ′ / ವಿ-ಇ′ / ಎನ್-ಇ / ಎಂ-ಇ-ಎನ್-ಟಿ. ಬರಹದಲ್ಲಿ ಎರಡನೆಯದು ಏರುಗೀಟು. ಮಾತಿನಲ್ಲಿ ಮೂರನೆಯ ತುಂಡಿನ ಇ ಬಿದ್ದುಹೋಗಿ ಎನ್ ಹಿಂದಕ್ಕೆ ಅಂಟುತ್ತದೆ, ತುಂಡು ಮುಚ್ಚುತ್ತದೆ, ‘ಏ-ವೆನ್-ಮಾ˜’ ಆಗುತ್ತದೆ. ಬಾಯಿಗೂ ಬರಹಕ್ಕೂ ಹೊಂದದ ಈ ಗೀಟನ್ನು ಇಳಿಗೀಟಾಗಿ ಬರೆಯಬಹುದೆಂದು 1990ರ ಕಾಗುಣಿತ ಸುಧಾರಣೆ ಒಪ್ಪಿತು. ಈಗ ಎರಡು ರೂಪವೂ ಸರಿ.

ಅಪವಾದಗಳಲ್ಲಿ ತಪ್ಪದೆ ಕಲಿಯಬೇಕಾದ್ದು ಕೆಲವೇ. ಕ್ರಿಯಾಪದದ ಕೊನೆಯ ಇ-ಆರ್, ಇ-ಝಡ್ ‘ಏ’. ‘ಮೇಲೆ’ ಎಂಬರ್ಥದ ಡಿ-ಇ-ಎಸ್-ಎಸ್-ಯು-ಎಸ್ ಪದದಲ್ಲಿ ಎಸ್ ಜೋಡಿಯಿದ್ದರೂ ಇ ಮಾತ್ರ ‘ಎ°’: ‘ದೆ°-ಸಿ°’. ಅದು ‘ದೆ°’ ಎಂಬ ಉಪಸರ್ಗ ಸೇರಿ ಆದ ಪದ, ಎರಡನೆಯ ಎಸ್ ಬಂದದ್ದು ಧ್ವನಿ ‘ಜ಼’ ಆಗದಿರಲಿ ಎಂದು.

ತುಂಡು ತೆರೆದಿದೆಯೋ ಮುಚ್ಚಿದೆಯೋ ಎಂಬುದು ಓ ಮತ್ತು ಇ-ಯು ಮೇಲೂ ಪರಿಣಾಮ ಬೀರುತ್ತದೆ. ಪದದ ಕೊನೆಯ ತುಂಡು ತೆರೆದಿದ್ದರೆ ಬಾಯಿ ಕಿರಿದು, ಮುಚ್ಚಿದ್ದರೆ ಅಗಲ. ‘ನೋ’ ಮತ್ತು ‘ನೊತ್ರ್’, ಎರಡೂ ‘ನಮ್ಮ’. ‘ಪೇ°’ ಸ್ವಲ್ಪ, ‘ಪೆ°ರ್’ ಭಯ. ಆದರೆ ಮುಂದೆ ‘ಜ಼್’ ಧ್ವನಿ ಇದ್ದರೆ ಮುಚ್ಚಿದ ತುಂಡಿನಲ್ಲೂ ಬಾಯಿ ಕಿರಿದಾಗಿಯೇ ಇರುತ್ತದೆ: ವಸ್ತು ಎನ್ನಲು ‘ಶೋಜ಼್’.

ಹಂತ 4: ಮೂಗಿನ ಸ್ವರ

ಸ್ವರದ ಬೆನ್ನಿಗೆ ಎನ್ ಅಥವಾ ಎಂ ಇದ್ದು, ಅದು ಅದೇ ತುಂಡಿನಲ್ಲಿದ್ದರೆ ಸ್ವರ ಮೂಗಿಗೆ ಏರುತ್ತದೆ, ವ್ಯಂಜನ ಕರಗುತ್ತದೆ. ಮುಂದಿನ ತುಂಡಿಗೆ ಹೋಗಿದ್ದರೆ ಎರಡೂ ಬೇರೆಬೇರೆಯಾಗಿ ಕೇಳುತ್ತವೆ. ಐ-ಎನ್ / ಟಿ-ಇ′ / ಆರ್-ಇ^-ಟಿ ‘ಎ˜-ತೇ-ರೆ’ (ಆಸಕ್ತಿ), ಐ / ಎನ್-ಯು / ಟಿ-ಐ-ಎಲ್-ಇ ‘ಇ-ನಿ°-ತಿಲ್’ (ನಿಷ್ಪ್ರಯೋಜಕ). ಶುರುವಿನ ಎರಡು ಅಕ್ಷರ ಒಂದೇ, ಕತ್ತರಿ ಬಿದ್ದ ಜಾಗ ಬೇರೆ. ಎನ್ ಜೋಡಿಯಾಗಿದ್ದರೂ ಸಾಮಾನ್ಯವಾಗಿ ಮೂಗು ಬೇಡ: ವರ್ಷ ‘ಆ-ನೇ’, ಶತ್ರು ‘ಎನ್-ಮಿ’. ಇದಕ್ಕೆ ಎದುರು ನಿಲ್ಲುವ ಪದಗಳಲ್ಲಿ ಬೇಸರ ಎಂಬರ್ಥದ ‘ಆ˜-ನ್ವಿ°’, ಕರೆದೊಯ್ಯುವುದು ಎಂಬರ್ಥದ ‘ಆ˜ಮ್-ನೇ’ ಮುಖ್ಯ.

ಮೂಗಿನ ಸ್ವರಗಳು ನಾಲ್ಕು. ‘ಒಳ್ಳೆಯ ಬಿಳಿ ವೈನ್ ಒಂದು’ ಎಂಬ ನಾಲ್ಕು ಪದದ ಫ್ರೆಂಚ್ ಮಾತಿನಲ್ಲಿ ನಾಲ್ಕೂ ಸಿಗುತ್ತವೆ, ತರಗತಿಗಳಲ್ಲಿ ಇದನ್ನೇ ಅಭ್ಯಾಸ ಮಾಡಿಸುತ್ತಾರೆ: ‘ಎ°˜ ಬೊ˜ ವೆ˜ ಬ್ಲಾ˜’. ಪ್ಯಾರಿಸ್ ಕಡೆ ಮೊದಲನೆಯದೂ ಮೂರನೆಯದೂ ಒಂದಾಗುತ್ತಿವೆ, ‘ಎ˜’ ಎಂದರೆ ತಪ್ಪು ಎನ್ನುವವರಿಲ್ಲ.

ಈ ವ್ಯತ್ಯಾಸ ಬರೀ ಅಂದಕ್ಕಲ್ಲ, ವ್ಯಾಕರಣವೇ ಇದರ ಮೇಲೆ ನಿಂತಿದೆ. ‘ಕು-ಜ಼ೆ˜’ ಎಂದರೆ ಗಂಡು, ‘ಕು-ಜ಼ಿನ್’ ಎಂದರೆ ಹೆಣ್ಣು. ‘ಇಲ್-ವ್ಯೆ˜’ ಅವನು ಬರುತ್ತಾನೆ, ‘ಇಲ್-ವ್ಯೆನ್’ ಅವರು ಬರುತ್ತಾರೆ. ನಮ್ಮವರು ಎಡವುವುದು ಅನುಸ್ವಾರದಲ್ಲಿ. ಬೊಂ ಎಂದು ಬರೆದುಕೊಂಡರೆ ಬಾಯಿ ತಾನಾಗಿ ‘ಬೊಮ್’ ಎಂದು ಮುಚ್ಚುತ್ತದೆ ಅಥವಾ ‘ಬೊಂಗ್’ ಆಗುತ್ತದೆ. ಪರೀಕ್ಷೆ ಸುಲಭ: ‘ಬೊ˜’ ಎಂದು ಹೇಳಿ ಮುಗಿಸಿದಾಗ ತುಟಿ ತೆರೆದೇ ಇರಬೇಕು, ನಾಲಿಗೆ ಅಂಗುಳಕ್ಕೆ ತಾಗಿರಬಾರದು. ಮೂಗು ಹಿಡಿದು ಹೇಳಿದರೆ ಧ್ವನಿ ಬದಲಾಗಬೇಕು. ಬದಲಾಗದಿದ್ದರೆ ಗಾಳಿ ಮೂಗಿಗೆ ಹೋಗುತ್ತಲೇ ಇಲ್ಲ.

ಹಂತ 5: ಅರ್ಧಸ್ವರ

ಐ, ಯು, ಓ-ಯು ಇವುಗಳ ಪಕ್ಕದಲ್ಲಿ ಇನ್ನೊಂದು ಸ್ವರವಿದ್ದರೆ ಮೊದಲಿನದು ಜಾರಿ ಯ ಅಥವಾ ವ ಆಗುತ್ತದೆ, ಬೇರೆ ತುಂಡಾಗುವುದಿಲ್ಲ. ಕಾಲು ‘ಪ್ಯೇ’, ಹೌದು ‘ವಿ’, ರಾತ್ರಿ ‘ನ್ವಿ°’ (ಇಲ್ಲಿ ‘ಇ°’ ಇಂದ ಇ ಕಡೆಗೆ ಒಂದೇ ಎಳೆತದಲ್ಲಿ ಜಾರಬೇಕು). ಆದರೆ ಬಿಡದ ಜೋಡಿಯ ನಂತರ ಐ ಬಂದರೆ ನಾಲಿಗೆಗೆ ಜಾರಲು ಆಗದು, ಐ ಪೂರ್ತಿ ತುಂಡಾಗಿ ನಿಂತು ಯ ಒಳಗೆ ಬರುತ್ತದೆ. ಜನವರಿ ‘ಝಾ˜-ವ್ಯೇ’, ಎರಡು ತುಂಡು. ಫೆಬ್ರವರಿ ‘ಫ಼ೇ-ವ್ರಿ-ಯೇ’, ಮೂರು.

ಬೆಂಗಳೂರಿನ ವಸಂತನಗರದಲ್ಲಿರುವ ಫ್ರೆಂಚ್ ಕಲಿಕೆಯ ಸಂಸ್ಥೆಯ ಹೆಸರನ್ನು ಊರಲ್ಲಿ ಬಹಳ ಜನ ‘ಅಲಯನ್ಸ್ ಫ್ರಾಂಸೆ’ ಎನ್ನುತ್ತಾರೆ. ಬಿಡಿಸಿದರೆ ಎ-ಎಲ್ / ಎಲ್-ಐ-ಎ-ಎನ್-ಸಿ-ಇ. ಐ ಜಾರಿ ಯ ಆಯಿತು, ಎ-ಎನ್ ಮೂಗಿಗೆ ಏರಿತು: ‘ಆ-ಲ್ಯಾ˜ಸ್’. ಎರಡನೆಯ ಪದದ ಕೊನೆಗೆ ಇ ಇರುವುದರಿಂದ ಎಸ್ ಕೇಳಲೇಬೇಕು: ‘ಫ಼್ರಾ˜-ಸೆಜ಼್’. ಅದನ್ನು ಬಿಟ್ಟರೆ ಪದ ಪುಲ್ಲಿಂಗವಾಗಿಬಿಡುತ್ತದೆ.

ಐ-ಎಲ್-ಎಲ್ ಬಹಳ ಕಡೆ ‘ಯ್’. ಕುಟುಂಬ ‘ಫ಼ಾ-ಮಿಯ್’. ಪಟ್ಟಣ ‘ವಿಲ್’, ಸಾವಿರ ‘ಮಿಲ್’, ನೆಮ್ಮದಿಯ ಎಂಬರ್ಥದ ‘ತ್ರಾ˜-ಕಿಲ್’ ಮುಂತಾದ ಕೆಲವು ಮಾತ್ರ ಲ ಉಳಿಸಿಕೊಂಡಿವೆ.

ಹಂತ 6: ಮಾತಿನಲ್ಲಿ ಬೀಳುವ ತುಂಡುಗಳು

ಬರಹದ ತುಂಡಿನ ಲೆಕ್ಕವೂ ಮಾತಿನ ಲೆಕ್ಕವೂ ಒಂದೇ ಅಲ್ಲ. ಪದದ ಕೊನೆಯ ಗೀಟಿಲ್ಲದ ಇ ಸಾಮಾನ್ಯ ಮಾತಿನಲ್ಲಿ ಕೇಳುವುದಿಲ್ಲ. ನಡುವಿನದು ಬೀಳಬಹುದು, ಉಳಿಯಬಹುದು. ಶನಿವಾರ ಬರಹದಲ್ಲಿ ಮೂರು, ಬಾಯಲ್ಲಿ ‘ಸಾಮ್-ದಿ’, ಎರಡು. ಶುಕ್ರವಾರ ಮಾತ್ರ ‘ವಾ˜-ದ್ರೆ°-ದಿ’, ಮೂರಕ್ಕೆ ಮೂರು. ಅಲ್ಲಿ ಇ ಬಿದ್ದರೆ ದ್, ರ್, ದ್ ಮೂರೂ ಒಂದರ ಮೇಲೊಂದು ಬೀಳುತ್ತವೆ. ಇದನ್ನು ಭಾಷಾಶಾಸ್ತ್ರಜ್ಞ ಮೊರಿಸ್ ಗ್ರಾಮೊ˜ ಮೂರು ವ್ಯಂಜನಗಳ ನಿಯಮ ಎಂದು ಸೂತ್ರೀಕರಿಸಿದರು: ಬೀಳಿಸಿದರೆ ಮೂರು ವ್ಯಂಜನ ಒಟ್ಟಾಗುವುದಾದರೆ ಇ ಉಳಿಯುತ್ತದೆ. ಫ್ಲ್ಯಾಟಿಗೆ ‘ಆ-ಪಾರ್-ತೆ°-ಮಾ˜’, ‘ಈಗ’ ಎನ್ನಲು ‘ಮೆ˜ತ್-ನಾ˜’. ಒಂದೇ ಪದ ಪಕ್ಕದವರನ್ನು ನೋಡಿ ರೂಪ ಬದಲಿಸುವುದೂ ಉಂಟು: ‘ಲಾಫ಼್-ನೆತ್ರ್’ (ಆ ಕಿಟಕಿ), ‘ಇ°ನ್-ಫ಼ೆ°-ನೆತ್ರ್’ (ಒಂದು ಕಿಟಕಿ).

ದಕ್ಷಿಣ ಫ್ರಾನ್ಸಿನ ಮಾರ್ಸೆಯ್, ತುಲೂಜ಼್ ಕಡೆ ಈ ಇ ಹೆಚ್ಚು ಉಳಿಯುತ್ತದೆ. ಸಾಂಪ್ರದಾಯಿಕ ಪದ್ಯದಲ್ಲಂತೂ ತನ್ನ ನಂತರ ವ್ಯಂಜನವಿರುವ ಇ ಲೆಕ್ಕಕ್ಕೆ ಸೇರಲೇಬೇಕು, ಇಲ್ಲದಿದ್ದರೆ ಹನ್ನೆರಡು ತುಂಡಿನ ಸಾಲು ಕುಂಟುತ್ತದೆ. ಸಾಲಿನ ಕೊನೆಯದಕ್ಕೆ ಮಾತ್ರ ಲೆಕ್ಕವಿಲ್ಲ.

ಕೊನೆಯ ವ್ಯಂಜನದ ಬಗ್ಗೆ ಎರಡು ಮಾತು. ಸಿ, ಆರ್, ಎಫ್, ಎಲ್ ಸಾಮಾನ್ಯವಾಗಿ ಕೇಳುತ್ತವೆ. ಎಸ್, ಟಿ, ಡಿ, ಪಿ, ಎಕ್ಸ್, ಝಡ್ ಸಾಮಾನ್ಯವಾಗಿ ಕೇಳುವುದಿಲ್ಲ. ಕೊನೆಯ ಇ-ಎನ್-ಟಿ ನಾಮಪದದಲ್ಲಿ ‘ಆ˜’, ಬಹುವಚನದ ಕ್ರಿಯಾಪದದಲ್ಲಿ ಪೂರ್ತಿ ಮೌನ. ಸಿ-ಓ-ಯು-ವಿ-ಇ-ಎನ್-ಟಿ ಸನ್ಯಾಸಿನಿಯರ ಮಠವಾದರೆ ‘ಕು-ವಾ˜’, ಕೋಳಿಗಳು ಕಾವು ಕೂರುವುದಾದರೆ ‘ಕುವ್’. ಕಾಗುಣಿತ ಒಂದೇ ಇರುವಲ್ಲಿ ವಾಕ್ಯದ ಅರ್ಥವೇ ದಾರಿ ತೋರಿಸಬೇಕು. ಊರಿನ, ಕಂಪನಿಯ ಹೆಸರುಗಳನ್ನು ಒಂದೊಂದಾಗಿ ಕೇಳಿಯೇ ಕಲಿಯಬೇಕು. ಪ್ಯಾರಿಸ್ ‘ಪಾ-ರಿ’, ರೆನೊ ‘ರೆ°-ನೋ’, ಮಿಷಲಿನ್ ‘ಮಿಶ್-ಲೆ˜’.

ಹಂತ 7: ಪದಗಳ ನಡುವೆ ಹೊಸ ಕತ್ತರಿ

ಬಿಡಿಪದ ಸರಿಯಾಗಿ ಹೇಳುವವರೂ ಫ್ರೆಂಚರ ಮಾತು ಕೇಳಿ ತಬ್ಬಿಬ್ಬಾಗುವುದು ಇಲ್ಲಿ. ವಾಕ್ಯದಲ್ಲಿ ತುಂಡಿನ ಗಡಿ ಪದದ ಗಡಿಯನ್ನು ಲೆಕ್ಕಿಸುವುದಿಲ್ಲ. ಪದದ ಕೊನೆಯಲ್ಲಿ ಕೇಳುವ ವ್ಯಂಜನ ಮುಂದಿನ ಪದದ ಸ್ವರಕ್ಕೆ ಅಂಟುತ್ತದೆ: ‘ಆವೆಕ್’ ಮತ್ತು ‘ಎಲ್’ ಸೇರಿ ‘ಆ-ವೆ-ಕೆಲ್’. ಕನ್ನಡದಲ್ಲಿ ಊರು, ಅಲ್ಲಿ ಸೇರಿ ಊರಲ್ಲಿ ಆಗುವುದನ್ನು ದಿನಾ ಮಾಡುವ ನಮಗೆ ಇದು ಹೊಸದಲ್ಲ. ಫ್ರೆಂಚಿನಲ್ಲೂ ಲೋಪ ಸಂಧಿ ಇದೆ, ಅಪಾಸ್ಟ್ರಫಿ ಕಂಡಲ್ಲೆಲ್ಲ ಒಂದು ಸ್ವರ ಲೋಪವಾಗಿದೆ ಎಂದರ್ಥ: ಶಾಲೆ ‘ಲೇ-ಕೊಲ್’. ಆಗಮವೂ ಇದೆ. ‘ಅವನ ಬಳಿ ಇದೆಯೇ’ ಎಂದು ಕೇಳುವಾಗ ‘ಆ’ ಮತ್ತು ‘ಇಲ್’ ನಡುವೆ ತಕಾರ ಬಂದು ‘ಆ-ತಿಲ್’ ಆಗುತ್ತದೆ.

ಇದಕ್ಕಿಂತ ಹೆಚ್ಚಿನದು ಲಿಯೆಜ಼ೊ˜. ಒಂಟಿಯಾಗಿದ್ದಾಗ ಮೌನವಾಗಿದ್ದ ಕೊನೆಯ ವ್ಯಂಜನ ಮುಂದೆ ಸ್ವರ ಕಂಡರೆ ಎದ್ದು ಬರುತ್ತದೆ. ‘ಲೇ’ ಮತ್ತು ‘ಆಮಿ’ ಸೇರಿ ‘ಲೇ-ಜ಼ಾ-ಮಿ’ (ಗೆಳೆಯರು). ಎಸ್, ಎಕ್ಸ್ ಎದ್ದಾಗ ‘ಜ಼’, ಡಿ ಎದ್ದಾಗ ‘ತ’: ‘ಗ್ರಾ˜-ತೋ-ತೆಲ್’ (ದೊಡ್ಡ ಹೋಟೆಲು). ‘ಒಂಬತ್ತು ಗಂಟೆ’ ಎನ್ನುವಾಗ ಎಫ್ ಅಕ್ಷರ ವ ಆಗಿ ‘ನೆ°-ವೆ°ರ್’. ಮೂಗಿನ ಸ್ವರದ್ದು ಸೂಕ್ಷ್ಮ: ‘ನನ್ನ ಗೆಳೆಯ’ ‘ಮೊ˜-ನಾ-ಮಿ’, ಮೂಗು ಉಳಿಯಿತು. ‘ಒಳ್ಳೆಯ ಗೆಳೆಯ’ ‘ಬೊ-ನಾ-ಮಿ’, ಮೂಗು ಹೋಯಿತು.

ಎರಡು ಕಡೆ ಕಟ್ಟುನಿಟ್ಟಾಗಿ ನಿಲ್ಲಿಸಿ. ‘ಮತ್ತು’ ಎಂಬರ್ಥದ ಇ-ಟಿ ಆದಮೇಲೆ ಲಿಯೆಜ಼ೊ˜ ಎಂದೂ ಇಲ್ಲ. ಎಚ್ ಇಂದ ಶುರುವಾಗುವ ಕೆಲವು ಪದಗಳ ಮುಂದೆಯೂ ಇಲ್ಲ. ಎಚ್ ಎಲ್ಲೂ ಕೇಳುವುದಿಲ್ಲ, ಆದರೂ ಈ ಪದಗಳಲ್ಲಿ ಗೋಡೆಯಂತೆ ನಿಲ್ಲುತ್ತದೆ. ವೀರರು ‘ಲೇ-ಏ-ರೋ’. ಅಲ್ಲಿ ಜ಼ ಸೇರಿಸಿ ‘ಲೇ-ಜ಼ೇ-ರೋ’ ಎಂದರೆ ವೀರರು ಸೊನ್ನೆಗಳಾಗುತ್ತಾರೆ. ಯಾವ ಎಚ್ ಯಾವ ಬಗೆಯದು ಎಂದು ಒಳ್ಳೆಯ ನಿಘಂಟು ಗುರುತು ಹಾಕಿ ತೋರಿಸುತ್ತದೆ.

ಕನ್ನಡ ನಾಲಿಗೆಯ ತಪ್ಪುಗಳು

ನಮ್ಮ ನಾಲಿಗೆಗೆ ಒಂದು ದೊಡ್ಡ ಅನುಕೂಲವಿದೆ, ಅದನ್ನು ನಾವೇ ಹಾಳುಮಾಡಿಕೊಳ್ಳುತ್ತೇವೆ. ಫ್ರೆಂಚಿನ ಟಿ, ಡಿ ಹಲ್ಲಿಗೆ ತಾಗುವ ತ, ದ. ಇಂಗ್ಲಿಷ್ ಪದಗಳನ್ನು ಟ, ಡ ಎಂದು ಬರೆದು ರೂಢಿಯಾಗಿ ಫ್ರೆಂಚನ್ನೂ ‘ಟಾಬ್ಲೊ’ ಎನ್ನುತ್ತೇವೆ. ಪ, ತ, ಕ ಕನ್ನಡದಲ್ಲಿದ್ದಂತೆಯೇ ಹೇಳಿ, ಗಾಳಿ ಊದಬೇಡಿ. ಇಂಗ್ಲಿಷರು ವರ್ಷಗಟ್ಟಲೆ ಒದ್ದಾಡುವ ವಿಷಯ ನಮಗೆ ತಾಯ್ನುಡಿಯಲ್ಲೇ ಬಂದಿದೆ.

ವ್ಯಂಜನದಲ್ಲಿ ಮುಗಿದ ಪದಕ್ಕೆ ಉಕಾರ ಹಚ್ಚುವುದು ಇನ್ನೊಂದು. ಬಸ್ಸು, ಕಾರು ಎನ್ನುವ ಬಾಯಿ ‘ಸಾಕ್’ (ಚೀಲ) ಎಂಬುದನ್ನು ‘ಸಾಕು’ ಮಾಡುತ್ತದೆ, ಇಲ್ಲದ ತುಂಡೊಂದು ಹುಟ್ಟುತ್ತದೆ. ಪದದ ಶುರುವಿನ ಎ, ಒ ಮುಂದೆ ಯ, ವ ತರುವುದೂ ನಮ್ಮದೇ ಅಭ್ಯಾಸ. ‘ಯೆಲ್ಲಿ’, ‘ವೊಂದು’ ಎಂದಂತೆ ‘ಎಲ್’ (ಅವಳು) ‘ಯೆಲ್’ ಆಗುತ್ತದೆ. ‘ತೇ-ಆತ್ರ್’ ನಡುವೆ ಯಕಾರ, ‘ನೊ-ಎಲ್’ ನಡುವೆ ವಕಾರ ನುಸುಳುತ್ತದೆ. ಎರಡು ಸ್ವರ ಮುಖಾಮುಖಿಯಾದರೆ ನಮಗೆ ಆಗಮ ಬೇಕೇ ಬೇಕು, ಫ್ರೆಂಚಿಗೆ ಬೇಡ. ಗಂಟಲು ಬಿಗಿಯದೆ, ಉಸಿರು ನಿಲ್ಲಿಸದೆ ಒಂದರಿಂದ ಇನ್ನೊಂದಕ್ಕೆ ನೇರ ಹೋಗಿ.

ಎಲ್ಲ ತುಂಡಿಗೂ ಸಮನಾದ ತೂಕ, ಪದಗುಚ್ಛದ ಕಟ್ಟಕಡೆಯ ತುಂಡು ಮಾತ್ರ ಸ್ವಲ್ಪ ಉದ್ದ. ‘ರೆಸ್-ತೊ-ರಾ˜’ ಎಂಬಲ್ಲಿ ಇಂಗ್ಲಿಷಿನಂತೆ ಮೊದಲನೆಯದನ್ನು ಗುದ್ದಿ ಕೊನೆಯದನ್ನು ನುಂಗಬೇಡಿ, ರಾ˜ ಪೂರ್ತಿ ಕೇಳಬೇಕು. ಮಾಂಟ್ರಿಯಲ್ ಕಡೆ ಹೊರಟವರಿಗೆ ಒಂದು ಸೂಚನೆ: ಆ ಊರಿನ ಹೆಸರು ಫ್ರೆಂಚಿನಲ್ಲಿ ‘ಮೊ˜-ರೇ-ಆಲ್’, ತಕಾರ ಇಲ್ಲ. ಅಲ್ಲಿನ ಮಾತಿನಲ್ಲಿ ‘ತಿ°’ ಎಂಬುದು ‘ತ್ಸಿ°’ ಎಂದೂ, ‘ದಿ’ ಎಂಬುದು ‘ದ್ಜ಼ಿ’ ಎಂದೂ ಕೇಳುತ್ತದೆ. ತುಂಡು ಬಿಡಿಸುವ ಲೆಕ್ಕ ಮಾತ್ರ ಬದಲಾಗುವುದಿಲ್ಲ.

ಒಂದು ಪದ, ಒಂದು ವಾಕ್ಯ: ಪೂರ್ತಿ ಬಿಡಿಸಿ ನೋಡಿ

ಉದ್ದಕ್ಕೆ ಹೆಸರಾದ, ‘ಸಂವಿಧಾನವಿರೋಧಿಯಾಗಿ’ ಎಂಬರ್ಥದ ಇಪ್ಪತ್ತೈದು ಅಕ್ಷರದ ಪದ ತೆಗೆದುಕೊಳ್ಳೋಣ. ಎ-ಎನ್ / ಟಿ-ಐ / ಸಿ-ಓ-ಎನ್-ಎಸ್ / ಟಿ-ಐ / ಟಿ-ಯು / ಟಿ-ಐ-ಓ-ಎನ್ / ಎನ್-ಇ-ಎಲ್ / ಎಲ್-ಇ / ಎಂ-ಇ-ಎನ್-ಟಿ. ಬರಹದಲ್ಲಿ ಒಂಬತ್ತು. ಈಗ ಒಂದೊಂದಾಗಿ ತೀರ್ಮಾನಿಸಿ. ಮೊದಲನೆಯದರಲ್ಲಿ ಎನ್ ಒಳಗೇ ಇದೆ, ಮೂಗು: ‘ಆ˜’. ಮೂರನೆಯದರಲ್ಲೂ ಮೂಗು, ಎಸ್ ಕೇಳುತ್ತದೆ: ‘ಕೊ˜ಸ್’. ಆರನೆಯದರಲ್ಲಿ ಟಿ-ಐ ಜಾರಿ ‘ಸ್ಯ’ ಆಗುತ್ತದೆ. ಎನ್ ಜೋಡಿ, ಆದ್ದರಿಂದ ಮೂಗಿಲ್ಲ: ‘ಸ್ಯೊ’. ಏಳನೆಯದು ಮುಚ್ಚಿದೆ, ಇ ‘ಎ’ ಆಗಿ ‘ನೆಲ್’. ಎಂಟನೆಯದು ಬೀಳುತ್ತದೆ. ಕೊನೆಯದು ‘ಮಾ˜’. ಒಟ್ಟು ‘ಆ˜-ತಿ-ಕೊ˜ಸ್-ತಿ-ತಿ°-ಸ್ಯೊ-ನೆಲ್-ಮಾ˜’, ಬಾಯಲ್ಲಿ ಎಂಟು.

ಹೇಳಿ ಕಲಿಯುವಾಗ ಹಿಂದಿನಿಂದ ಕಟ್ಟಿ: ಮಾ˜, ನೆಲ್-ಮಾ˜, ಸ್ಯೊ-ನೆಲ್-ಮಾ˜. ಮುಂದಿನಿಂದ ಹೊರಟರೆ ಕೊನೆಗೆ ಉಸಿರೂ ಗಮನವೂ ಸೋಲುತ್ತವೆ, ಫ್ರೆಂಚಿನಲ್ಲಿ ಒತ್ತು ಬೀಳಬೇಕಾದ್ದೇ ಕೊನೆಯ ಮೇಲೆ. ಹಿಂದಿನಿಂದ ಕಟ್ಟಿದಾಗ ಕೊನೆಯ ತುಂಡು ಹೆಚ್ಚು ಸಲ ಬಾಯಿಗೆ ಬಂದು ಗಟ್ಟಿಯಾಗುತ್ತದೆ.

ವಾಕ್ಯಕ್ಕೆ ‘ಅವನು ಒಬ್ಬ ಗೆಳತಿಯ ಜೊತೆ ಬಂದಿದ್ದಾನೆ’. ಪದಪದವಾಗಿ: ಇಲ್, ಎ, ಆರಿವೇ, ಆವೆಕ್, ಇ°ನ್, ಆಮಿ. ಸೇರಿಸಿದರೆ ‘ಇ-ಲೆ-ತಾ-ರಿ-ವೇ-ಆ-ವೆ-ಕಿ°-ನಾ-ಮಿ’. ಹತ್ತು ತುಂಡು, ಹತ್ತೂ ಸ್ವರದಲ್ಲೇ ಮುಗಿದವು. ಲಕಾರ, ಕಕಾರ, ನಕಾರ ಮುಂದಕ್ಕೆ ಅಂಟಿದವು, ಮೌನವಾಗಿದ್ದ ತಕಾರ ಎದ್ದಿತು. ‘ವೇ’ ಮತ್ತು ‘ಆ’ ನಡುವೆ ಯಕಾರ ನುಸುಳದಂತೆ ನೋಡಿಕೊಳ್ಳಿ. ಬೆರಳು ಮಡಚುತ್ತಾ ಎಣಿಸಿ. ಹನ್ನೊಂದು ಬಂದರೆ ಎಲ್ಲೋ ಉಕಾರ ಸೇರಿದೆ, ಒಂಬತ್ತು ಬಂದರೆ ಒಂದು ಸ್ವರ ನುಂಗಿದ್ದೀರಿ.

ಸಂದೇಹ ಬಂದರೆ ಆನ್‌ಲೈನ್ ನಿಘಂಟಾದ ಫ್ರೆಂಚ್ ವಿಕ್ಷನರಿಯಲ್ಲಿ ನೋಡಿ. ಉಚ್ಚಾರಣೆಯ ಸಾಲಿನಲ್ಲಿ ತುಂಡುಗಳ ನಡುವೆ ಚುಕ್ಕೆ ಹಾಕಿರುತ್ತಾರೆ, ಬಹಳಷ್ಟು ಪದಗಳಿಗೆ ಧ್ವನಿಮುದ್ರಿಕೆಯೂ ಇದೆ. ಮೊದಲು ನೀವೇ ಕಾಗದದ ಮೇಲೆ ಬಿಡಿಸಿ, ಆಮೇಲೆ ಅದನ್ನು ತೆರೆಯಿರಿ. ಎಲ್ಲಿ ಹೊಂದಲಿಲ್ಲ ಎಂದು ನೋಡಿ ಕಾರಣವನ್ನು ಮೇಲಿನ ಏಳು ಹಂತಗಳಲ್ಲಿ ಹುಡುಕಿ: ಬಿಡದ ಜೋಡಿಯೇ, ಬಿದ್ದ ಇ ಅಕ್ಷರವೇ, ಜಾರಿದ ಐ ಅಕ್ಷರವೇ. ದಿನಕ್ಕೆ ಐದೇ ಪದವಾದರೂ ಸಾಕು, ಮೂರೂ ಬಗೆಯವು ಅದರಲ್ಲಿರಲಿ.